ಪ್ರಾರ್ಥನೆ ಜಾಸ್ತಿಯಾದರೆ ಅಹಂಕಾರ ಕಮ್ಮಿ ಆಗುತ್ತಾ?

ಇವತ್ತು ನಾಲ್ಕನೇ ಶತಮಾನದ ಈಜಿಪ್ಟ್‌ಗೆ ಹೋಗೋಣ. ನೈಟ್ರಿಯಾ, ಕೆಲ್ಲಿಯಾ, ಸ್ಕೀಟಿಸ್ ಅನ್ನೋ ಮರುಭೂಮಿ ನೆಲೆಗಳು. ಊರು ಬಿಟ್ಟು ಬಂದ ಕ್ರೈಸ್ತ ಸನ್ಯಾಸಿಗಳಿಗೆ ಅಲ್ಲಿ ಪ್ರಾರ್ಥನೆ, ಉಪವಾಸ, ಕೈಕೆಲಸ ಇಷ್ಟೇ ದಿನಚರಿ. ಆಸ್ತಿ ಇಲ್ಲ, ಅಧಿಕಾರ ಇಲ್ಲ. ಅಂಥ ಕಡೆ ಅಹಂಕಾರಕ್ಕೇನು ಕೆಲಸ ಅಂತೀರಾ? ಅಲ್ಲೇ ಅದಕ್ಕೆ ಕೈತುಂಬ ಕೆಲಸ ಇತ್ತು.

ಎವಾಗ್ರಿಯಸ್ ಅಂತ ಒಬ್ಬರಿದ್ದರು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದ ವಿದ್ವಾಂಸ. ಅದನ್ನೆಲ್ಲ ಬಿಟ್ಟು ಈ ಮರುಭೂಮಿಗೆ ಬಂದು, 399ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಮನಸ್ಸನ್ನು ಕಾಡುವ 8 ಯೋಚನೆಗಳ ಪಟ್ಟಿ ಮಾಡಿದರು. ಹೊಟ್ಟೆಬಾಕತನದಿಂದ ಶುರು, ಕೊನೆಯ ಎರಡು, ಹೊಗಳಿಕೆಯ ಆಸೆ ಮತ್ತು ಅಹಂಕಾರ. ಇವೆರಡರ ವಿಶೇಷ ಏನು ಗೊತ್ತಾ? ಬೇರೆಯವು ನಾವು ಸೋತಾಗ ಬೆಳೆಯುತ್ತವೆ, ಇವು ಗೆದ್ದಾಗ. ಹಸಿವನ್ನು ಗೆದ್ದ ದಿನವೇ 'ಗೆದ್ದವನು ನಾನು' ಅನ್ನೋ ಯೋಚನೆ ಬಾಗಿಲು ತಟ್ಟುತ್ತೆ.

ಈ ಸನ್ಯಾಸಿಗಳ ಜೊತೆ ಇದ್ದು ಕಲಿತ ಜಾನ್ ಕಾಸಿಯನ್, ಹೊಗಳಿಕೆಯ ಆಸೆಯನ್ನು ಈರುಳ್ಳಿಗೆ ಹೋಲಿಸಿದರು. ಒಂದು ಸಿಪ್ಪೆ ತೆಗೆದರೆ ಒಳಗೆ ಇನ್ನೊಂದು. ಒಳ್ಳೆ ಬಟ್ಟೆಯಿಂದ ಬರದಿದ್ದರೆ ಹರಕು ಬಟ್ಟೆಯಿಂದ ಬರುತ್ತೆ!

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯೂ ಇದೇ. ಬಿ.ಕಾಂ. ಓದಿದ ನನಗೆ ಆ ಫರಿಸಾಯನ ಪ್ರಾರ್ಥನೆ ಲೆಕ್ಕದ ಪುಸ್ತಕದ ಥರ ಕಾಣುತ್ತೆ. ವಾರಕ್ಕೆ 2 ಉಪವಾಸ, ಆದಾಯದಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ. ಎಂಟ್ರಿಗಳು ಸುಳ್ಳು ಅಂತ ಕಥೆ ಎಲ್ಲೂ ಹೇಳಲ್ಲ. ಆದರೆ ಹಿಂದೆ ನಿಂತಿದ್ದ ಸುಂಕದವನ ಲೆಕ್ಕವನ್ನೂ ತಾನೇ ಬರೆದು ಮುಗಿಸಿಬಿಟ್ಟ. ಸುಂಕದವನು ಕೇಳಿದ್ದು ಕರುಣೆ ಮಾತ್ರ. ದೇವರ ಮುಂದೆ ನೀತಿವಂತನಾಗಿ ಮನೆಗೆ ಹೋದವನು ಅವನೇ.

ಹಾಗಾದರೆ ಒಳಗೆ ಅಹಂಕಾರ ಬಂದಿದೆ ಅಂತ ತಿಳಿಯೋದು ಹೇಗೆ? ಸ್ಕೀಟಿಸ್‌ನಲ್ಲಿ ಮೋಸೆಸ್ ಅಂತ ಒಬ್ಬ ಹಿರಿಯರಿದ್ದರು, ಹಿಂದೆ ದರೋಡೆಕೋರರಾಗಿದ್ದವರು. ಅವರ ಬಗ್ಗೆ ಸನ್ಯಾಸಿಗಳು ಹೇಳಿಕೊಂಡು ಬಂದ ಕಥೆ ಇದು. ತಪ್ಪು ಮಾಡಿದ ಒಬ್ಬ ಸಹೋದರನ ವಿಚಾರಣೆಗೆ ಅವರನ್ನು ಕರೆದರು. ಅವರು ಸೋರುವ ಕೊಡ ಹೊತ್ತು ಬಂದರು. ಇದೇನು ಅಂತ ಕೇಳಿದರೆ, ನನ್ನ ಪಾಪಗಳು ಹೀಗೇ ಬೆನ್ನ ಹಿಂದೆ ಸೋರುತ್ತಿವೆ, ನನಗೆ ಕಾಣಲ್ಲ. ನಾನು ಇನ್ನೊಬ್ಬನ ತೀರ್ಪು ಹೇಳೋಕೆ ಬಂದಿದ್ದೀನಿ ಅಂದರಂತೆ. ಸೇರಿದ್ದವರು ಮಾತಾಡಲಿಲ್ಲ. ಆ ಸಹೋದರನನ್ನು ಕ್ಷಮಿಸಿದರು.

ನೋಡಿ, ಇಲ್ಲಿ ದೀನತೆ ಅಂದರೆ ತಲೆ ತಗ್ಗಿಸಿ ನಿಲ್ಲೋದಲ್ಲ. ಪ್ರಾರ್ಥನೆ ಮುಗಿಸಿ ಎದ್ದಮೇಲೆ ಪಕ್ಕದವರು ನಮಗೆ ಹೇಗೆ ಕಾಣ್ತಾರೆ, ಪರೀಕ್ಷೆ ಇರೋದು ಅಲ್ಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.