ಪ್ರಾಸ ಬಿಟ್ಟ ಪೈಗಳೂ ನಮ್ಮ ಕೆಂಪು ಶಾಯಿಯೂ

ಶಾಲಾ ಕಲೋತ್ಸವ ಹತ್ತಿರ ಬಂತೆಂದರೆ ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕವಿತೆಗಳ ಸುಗ್ಗಿ. ಮಕ್ಕಳು ಬರೆದು ತರುತ್ತಾರೆ, ನಾವು ಅಧ್ಯಾಪಕರು ಕೆಂಪು ಶಾಯಿಯ ಪೆನ್ನು ಹಿಡಿದು ಕೂರುತ್ತೇವೆ. ಕಾಗುಣಿತ ತಿದ್ದುವುದು ನಮಗೆ ಚೆನ್ನಾಗಿ ಗೊತ್ತು. ಆದರೆ ಒಂದು ಮಗು ತಾನೇ ಕಟ್ಟಿದ ನಾಲ್ಕು ಸಾಲನ್ನು ಓದಿ ಏನು ಹೇಳಬೇಕು? ಟಿ.ಸಿ.ಎಚ್. ಕಲಿಯುವಾಗ ಈ ಪಾಠ ಆದ ನೆನಪು ನಮಗಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಕನ್ನಡ ಕೃತಿಗಳಲ್ಲೆಲ್ಲ ಹಳೆಯದು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದೇ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲು ಎಂಬುದನ್ನು ಮಾತ್ರ ಹೇಳುವುದಿಲ್ಲ. ಶ್ರೀವಿಜಯನು ತಪ್ಪು ಎಂದು ಹೇಳಿ ಮುಂದೆ ಹೋಗುವವನಲ್ಲ. ತಪ್ಪಿದ ಪ್ರಯೋಗವನ್ನು ತೋರಿಸಿ, ಅದನ್ನು ಹೇಗೆ ಸರಿಪಡಿಸಬಹುದೆಂದೂ ತೋರಿಸುತ್ತಾನೆ. ಹನ್ನೊಂದು ಶತಮಾನಗಳ ಹಿಂದಿನ ಮಾಷ್ಟ್ರು ಅವನು!

ಇನ್ನು ನಮ್ಮೂರಿನ ಕತೆ. ಮಂಜೇಶ್ವರದ ಗೋವಿಂದ ಪೈಗಳು (1883-1963) ಬರೆಯಲು ತೊಡಗಿದ ಕಾಲದಲ್ಲಿ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಪದ್ಯವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಲೇಬೇಕು ಎಂಬುದು ಆಗಿನ ಕಟ್ಟಳೆ. ಇದೇ ಆದಿಪ್ರಾಸ. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಅದರಲ್ಲಿ ಆರು ಬಗೆ. ತರಗತಿಯಲ್ಲಿ ಇದನ್ನು ವಿವರಿಸಲು ನಾವು ಒಂದು ಆಟ ಮಾಡುತ್ತೇವೆ. ಮೊದಲ ಸಾಲು ‘ಮಳೆ’ ಎಂದು ಶುರುವಾದರೆ ಮುಂದಿನವು ‘ಹೊಳೆ’, ‘ಇಳೆ’, ‘ಕಳೆ’ ಎಂದೇ ಶುರುವಾಗಬೇಕು. ಮಗುವಿಗೆ ಹೇಳಬೇಕಾದದ್ದು ಕೊಡೆಯ ವಿಷಯ. ಆದರೆ ‘ಕೊಡೆ’ಯಲ್ಲಿ ಳಕಾರ ಇಲ್ಲವಲ್ಲ! ಕೊಡೆ ಬಿಟ್ಟು ಮಗು ಇಳೆಯನ್ನು ತರುತ್ತದೆ. ಮಳೆಗೆ ಒದ್ದೆಯಾದದ್ದು ತಾನು, ಬರೆದದ್ದು ಭೂದೇವಿಯ ಬಗ್ಗೆ.

1911ರಲ್ಲಿ ಪೈಗಳು ಆ ಪ್ರಾಸವನ್ನು ಕೈಬಿಟ್ಟರು. ಮಂಗಳೂರಿನ ‘ಸ್ವದೇಶಾಭಿಮಾನಿ’ಯಲ್ಲಿ ಪ್ರಾಸವಿಲ್ಲದ ಅವರ ಕವಿತೆ ‘ಹೊಲೆಯನು ಯಾರು?’ ಬಂದಾಗ ಸಂಪ್ರದಾಯಸ್ಥರು ಒಪ್ಪಲಿಲ್ಲ, ಟೀಕೆಗಳು ಬಂದವು. ಪೈಗಳು ಹಿಂದೆ ಸರಿಯಲಿಲ್ಲ. ಹಾಗೆಂದು ಅವರು ಹಳೆಯದನ್ನು ಓದದೆ ಬಿಟ್ಟವರಲ್ಲ. ಛಂದಸ್ಸನ್ನೂ ಶಾಸನಗಳನ್ನೂ ಅರೆದು ಕುಡಿದ ಸಂಶೋಧಕರು. ಅವರ ಮೊದಲ ಕವನ ಸಂಕಲನ ‘ಗಿಳಿವಿಂಡು’ ಹೊರಬಂದದ್ದು 1930ರಲ್ಲಿ. ಅಷ್ಟು ಹೊತ್ತಿಗೆ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದಾಗಿತ್ತು, ಆದಿಪ್ರಾಸದ ಕಟ್ಟು ಸಡಿಲವಾಗಿತ್ತು. 1949ರಲ್ಲಿ ಮದರಾಸು ಸರಕಾರ ಪೈಗಳಿಗೆ ರಾಷ್ಟ್ರಕವಿ ಎಂಬ ಬಿರುದನ್ನೂ ಕೊಟ್ಟಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂದಿಗೂ ಆ ಕವಿತೆಯ ಹೆಸರು ಬಂದರೆ ನಾವು ಅಧ್ಯಾಪಕರು ಹೇಳುವುದು ಪ್ರಾಸದ ಸಂಗತಿಯನ್ನೇ. ಹೆಸರಿನಲ್ಲೇ ಒಂದು ದೊಡ್ಡ ಪ್ರಶ್ನೆ ಇದೆ, ಅದನ್ನು ಎಷ್ಟು ತರಗತಿಗಳಲ್ಲಿ ಕೇಳಿದ್ದೇವೆ?

ಪ್ರಾಸ ದಂಡ ಎಂದು ನಾವು ಹೇಳುತ್ತಿಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಭಾಗವತರು ಹಾಡುವಾಗ ಪದ ನಾಲಗೆಯಲ್ಲಿ ನಿಲ್ಲುವುದಕ್ಕೆ ಪ್ರಾಸದ ಸಹಾಯ ಎಷ್ಟಿದೆಯೆಂದು ಯಕ್ಷಗಾನ ಕಂಡ ನಮ್ಮ ಮಕ್ಕಳಿಗೆ ಗೊತ್ತು. ಕಟ್ಟಳೆ ಇರಲಿ. ಆದರೆ ಕಟ್ಟಳೆಯನ್ನು ಮಾತ್ರ ನೋಡಿ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮದೇ ಅನುಭವ ಇದೆ.

ಸುಮಾರು ಹದಿನೈದು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಬಗ್ಗೆ ಒಂದು ಕವಿತೆ ತಂದಳು. ಅಜ್ಜಿ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಾಳೆ, ಮಾತಾಡುವುದಿಲ್ಲ, ಅಡಿಕೆ ಬುಟ್ಟಿಗೆ ಬೀಳುವ ಸದ್ದು ಮಾತ್ರ ಕೇಳುತ್ತದೆ ಎಂದು ಅದರಲ್ಲಿ ಇತ್ತು. ಸಾಲಿನ ಕೊನೆ ಹೊಂದಲಿಲ್ಲವೆಂದು ನಮಗೆ ಕಂಡಿತು. ‘ಸುಲಿಯುತ’ ಎಂಬುದಕ್ಕೆ ‘ನಲಿಯುತ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟೆವು. ಬಹಳ ಒಳ್ಳೆಯದಾಯಿತು ಎಂದೂ ಹೇಳಿದೆವು. ಅವಳು ಪುಸ್ತಕ ನೋಡಿದಳು.

“ನಮ್ಮ ಅಜ್ಜಿ ನಲಿಯುವುದಿಲ್ಲ ಮಾಷ್ಟ್ರೇ” ಎಂದಳು.

ಕವಿತೆಯಲ್ಲಿ ಹಾಗೆ ಬರೆಯಬಹುದು ಎಂದು ಸಮಾಧಾನ ಹೇಳಿ ಕಳಿಸಿದೆವು. ಆ ವರ್ಷದ ಕೈಬರಹ ಪತ್ರಿಕೆಯಲ್ಲಿ ಅಜ್ಜಿ ನಲಿಯುತ್ತಲೇ ಅಡಿಕೆ ಸುಲಿದಳು. ಹುಡುಗಿ ಆಮೇಲೆ ನಮಗೆ ಕವಿತೆ ತೋರಿಸಲಿಲ್ಲ. ಮನೆಯಲ್ಲಿ ಬರೆದಳೋ ಏನೋ, ಕೇಳುವ ಧೈರ್ಯ ನಮಗೂ ಬರಲಿಲ್ಲ.

ಈಗ ಮಕ್ಕಳ ಕವಿತೆಗೆ ಪೆನ್ಸಿಲ್ ಬಳಸುತ್ತೇವೆ. ಸಾಲು ಬದಲಾಯಿಸುವುದಿಲ್ಲ, ಸಂಶಯ ಬಂದಲ್ಲಿ ಒಂದು ಗೆರೆ ಎಳೆದು “ಇದನ್ನು ನೀನು ಎಲ್ಲಿ ನೋಡಿದ್ದು?” ಎಂದು ಕೇಳುತ್ತೇವೆ. ಚೆನ್ನಾಗಿರುವ ಸಾಲಿಗೂ ಅದೇ ಪ್ರಶ್ನೆ. ಕೆಲವರು ಹತ್ತು ನಿಮಿಷ ಕತೆ ಹೇಳುತ್ತಾರೆ, ಕವಿತೆಗಿಂತ ಕತೆಯೇ ಚೆಂದ ಇರುತ್ತದೆ, ಅದನ್ನೇ ಬರೆ ಎನ್ನುತ್ತೇವೆ. ಮೊನ್ನೆ ಐದನೆಯ ತರಗತಿಯ ಹುಡುಗನೊಬ್ಬ ಕೋಗಿಲೆ, ಮಾಮರ, ವಸಂತ ಎಲ್ಲ ಸೇರಿಸಿ ಬರೆದು ತಂದಿದ್ದ. ಪ್ರಶ್ನೆ ಕೇಳಿದ್ದಕ್ಕೆ ತಲೆ ಕೆರೆದುಕೊಂಡು, “ನೋಡಲಿಲ್ಲ ಮಾಷ್ಟ್ರೇ, ಪುಸ್ತಕದಲ್ಲಿ ಉಂಟು” ಎಂದ. ಮತ್ತೆ ನಮ್ಮ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಮೂರು ಸಾಲು ತಾನೇ ಹೊಡೆದು ಹಾಕಿದ.