ಮೊದಲು ಸೋಗು, ಆಮೇಲೆ ಆಟ

ಬನಹಟ್ಟಿಯಲ್ಲಿರುವ ತಂಗಿಯ ಮನೆಗೆ ಹೋದಾಗ ಅವಳ ಮಗಳು ಮೊಬೈಲಿನಲ್ಲಿ ಹೊಸದೊಂದು ಆಟ ಹಾಕಿಕೊಂಡು ಕೂತಿದ್ದಳು. ಅರ್ಧ ಗಂಟೆಯಾದರೂ ಆಟ ಶುರುವಾಗಿರಲಿಲ್ಲ. ಆಟದೊಳಗೆ ಓಡಾಡಬೇಕಾದ ಹುಡುಗಿಯ ಕೂದಲನ್ನು ಉದ್ದ ಮಾಡಿ ನೋಡಿದಳು, ಗಿಡ್ಡ ಮಾಡಿ ನೋಡಿದಳು. ಮೂಗು ತಿದ್ದಿದಳು. ಮೈಬಣ್ಣವನ್ನು ಒಂದೊಂದೇ ಮೆಟ್ಟಿಲು ತಿಳಿ ಮಾಡುತ್ತ ಹೋದಳು. "ಯಾವಾಗ ಆಡತಿ?" ಅಂದೆ. "ಆಟ ಆಮ್ಯಾಲೆ ಮಾಮಾ, ಮೊದ್ಲ ಮಾರಿ ಆಗ್ಲಿ" ಅಂದಳು. ಕೊನೆಗೆ ತಯಾರಾದ ಹುಡುಗಿಯನ್ನು ನೋಡಿ, "ಈಕಿ ನಿನ್ನಂಗ ಇಲ್ಲಲ್ಲ" ಅಂದೆ. ಅವಳು ತಲೆ ಎತ್ತದೆ ಕೇಳಿದಳು: "ನನ್ನಂಗ ಯಾಕಿರಬೇಕು?"

ಪ್ರಶ್ನೆ ಸರಿಯಾಗಿಯೇ ಇತ್ತು. ತಾನಲ್ಲದವರ ರೂಪ ಕಟ್ಟಿಕೊಳ್ಳುವುದಕ್ಕಾಗಿಯೇ ಜನ ಆಟ ಆಡುತ್ತಾರೆ. ನಮ್ಮ ಕಡೆ ರಂಗದ ಮೇಲಿನದಕ್ಕೂ ಆಟವೆಂದೇ ಹೆಸರು: ಬಯಲಾಟ, ದೊಡ್ಡಾಟ, ಸಣ್ಣಾಟ. ಅದಕ್ಕಾಗಿ ಹಾಕಿಕೊಳ್ಳುವ ವೇಷಕ್ಕೆ ಸೋಗು ಎನ್ನುತ್ತಾರೆ. ಮೊದಲು ಸೋಗು, ಆಮೇಲೆ ಆಟ. ಹುಡುಗಿ ಪಾಲಿಸುತ್ತಿದ್ದದ್ದು ಹಳೆಯ ಕ್ರಮವನ್ನೇ. ಆದರೆ ಸೋಗಿನ ಪೆಟ್ಟಿಗೆಯಲ್ಲಿ ಏನಿರಬೇಕು ಎಂಬುದನ್ನು ನಿಶ್ಚಯಿಸುವವರು ಯಾರು? ಜಮಖಂಡಿ, ಮುಧೋಳ, ಬೀಳಗಿಯ ಸುತ್ತಲಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಸಿಕ್ಕಿದೆ.

ಹಳೆಯ ಉತ್ತರವೊಂದು ಮುಧೋಳದ್ದು. ಹತ್ತನೆಯ ಶತಮಾನದಲ್ಲಿ ಅಲ್ಲಿಯ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ, ಚಾಲುಕ್ಯ ಚಕ್ರವರ್ತಿಗಳ ಆಸ್ಥಾನದವರೆಗೆ ಹೋಗಿ ಕವಿಚಕ್ರವರ್ತಿ ಎನಿಸಿದ. ಅವನ 'ಗದಾಯುದ್ಧ'ಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಸಾಹಸಭೀಮ ಎಂಬುದು ಅವನ ಒಡೆಯ ಸತ್ಯಾಶ್ರಯನ ಬಿರುದು. ಮಹಾಭಾರತದ ಭೀಮನಿಗೆ ರನ್ನ ತನ್ನ ಕಾಲದ ರಾಜನ ಹೆಸರು ಮತ್ತು ಹೆಮ್ಮೆಯನ್ನು ತೊಡಿಸಿದ. ಅವನಿಗಿಂತ ಮೊದಲು ಪಂಪ ಅರ್ಜುನನಿಗೆ ಅರಿಕೇಸರಿಯ ರೂಪ ಕೊಟ್ಟಿದ್ದ. ಪಾತ್ರ ಪುರಾಣದ್ದು, ಸೋಗು ಆಶ್ರಯದಾತನದು. ಪೆಟ್ಟಿಗೆಯ ಬೀಗದ ಕೈ ಆಗ ಅರಮನೆಯಲ್ಲಿತ್ತು.

ಹಳ್ಳಿಯ ಆಟಗಳಲ್ಲಿ ಅದು ಊರಿನ ಕೈಗೆ ಬಂತು. ದೊಡ್ಡಾಟದಲ್ಲಿ ದೇವರು, ರಾಕ್ಷಸರು, ಅರಸರು. ಅವರಿಗೆ ಕಿರೀಟ, ಭುಜಕೀರ್ತಿ, ಎದೆಕಟ್ಟು. ಮರದ ಆಭರಣಗಳಿಗೆ ಬಣ್ಣದ ಬೇಗಡೆ ಅಂಟಿಸಿರುತ್ತಾರೆ. ಮುಖಕ್ಕೆ ಅರದಾಳ, ಇಂಗಳೀಕ, ಕಾಡಿಗೆ. ಈ ಅಬ್ಬರಕ್ಕೆ ಕಾರಣವಿದೆ. ದೀವಟಿಗೆಯ ಬೆಳಕಿನಲ್ಲಿ, ದೂರದ ಕಟ್ಟೆಯ ಮೇಲೆ ಕೂತವನಿಗೂ ಬಂದವನು ದೇವರೋ ದೈತ್ಯನೋ ಎಂಬುದು ಬಾಯಿ ಬಿಡುವ ಮೊದಲೇ ತಿಳಿಯಬೇಕು. ಹುಬ್ಬು ದಪ್ಪವಾದದ್ದು, ಮೀಸೆ ಗಲ್ಲದವರೆಗೆ ಬಂದದ್ದು ಈ ಲೆಕ್ಕದಿಂದಲೇ.

ಸಣ್ಣಾಟದ ಲೆಕ್ಕ ಬೇರೆ. 'ಸಂಗ್ಯಾ ಬಾಳ್ಯಾ'ದಂಥ ಆಟದಲ್ಲಿ ಬರುವವರು ನಮ್ಮ ನಿಮ್ಮಂಥ ಮನುಷ್ಯರು. ಅವರಿಗೆ ಧೋತರ, ರುಮಾಲು, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಬಸ ಸಾಕು. ಮುಧೋಳ ತಾಲೂಕಿನ ಲೋಕಾಪುರದ ಕಡೆ ಹೆಸರಾದ 'ಶ್ರೀಕೃಷ್ಣ ಪಾರಿಜಾತ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟದ ರೂಪಕ್ಕೆ ತಂದ ಈ ಕತೆಯಲ್ಲಿ ಕೃಷ್ಣ ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ದ್ವಾರಕೆಯ ರಾಣಿ ಇಲ್ಲಿ ನಮ್ಮೂರಿನ ದೊಡ್ಡ ಮನೆಯ ಸೊಸೆಯಂತೆ ಮಾತಾಡುತ್ತಾಳೆ. ಮಾತು ನಮ್ಮದಾದ ಮೇಲೆ ಉಡುಗೆಯೂ ನಮ್ಮದಾಗಲೇಬೇಕಾಯಿತು. ಹೆಣ್ಣಿನ ಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದ ದಿನಗಳಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಪಾರಿಜಾತದಲ್ಲಿ ಹೆಸರು ಮಾಡಿದ್ದನ್ನೂ ನೆನೆಯಬೇಕು.

ಇಷ್ಟಾಗುವಾಗ ಪಕ್ಕದಲ್ಲಿ ಇನ್ನೊಂದು ರಂಗಭೂಮಿ ಬೆಳೆಯುತ್ತಿತ್ತು. ಜಮಖಂಡಿಯನ್ನು ಆಳುತ್ತಿದ್ದ ಪಟವರ್ಧನರ ಇನ್ನೊಂದು ಶಾಖೆ ಸಾಂಗಲಿಯಲ್ಲಿತ್ತು. ಕನ್ನಡದ ಭಾಗವತರ ಆಟದಿಂದ ಪ್ರೇರಣೆ ಪಡೆದು, ಆ ಅರಸರ ಆಶ್ರಯದಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಆಡಿಸಿದ 'ಸೀತಾ ಸ್ವಯಂವರ'ದಿಂದ ಮರಾಠಿ ರಂಗಭೂಮಿಯ ಲೆಕ್ಕ ಶುರುವಾಗುತ್ತದೆ. ಅದರ ತುತ್ತತುದಿಯಲ್ಲಿ ಕಾಣುವವರು ಬಾಲಗಂಧರ್ವರೆಂದು ಪ್ರಸಿದ್ಧರಾದ ನಾರಾಯಣ ಶ್ರೀಪಾದ ರಾಜಹಂಸ. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ ಶಕುಂತಲೆಯಾಗಿ ರಂಗಕ್ಕೆ ಬಂದ ಅವರು, 1913ರಲ್ಲಿ ಸ್ವಂತ ಗಂಧರ್ವ ನಾಟಕ ಮಂಡಳಿ ಕಟ್ಟಿದವರಲ್ಲಿ ಒಬ್ಬರು. 'ಮಾನಾಪಮಾನ'ದ ಭಾಮಿನಿ, 'ಸ್ವಯಂವರ'ದ ರುಕ್ಮಿಣಿ, 'ಏಕಚ್ ಪ್ಯಾಲಾ'ದ ಸಿಂಧು ಎಲ್ಲರೂ ಅವರೇ.

ಅವರ ಸೋಗು ದುಬಾರಿಯದು. ಅಸಲಿ ಪೈಠಣಿ, ಅಸಲಿ ಒಡವೆ, ಅತ್ತರು ಬೇಕು. ಮಂಡಳಿಯ ಸಾಲ ಏರಿದರೂ ಅವರು ಇದನ್ನು ಬಿಡಲಿಲ್ಲ. ಅವರು ಸೀರೆ ಉಡುವ ರೀತಿ, ತುರುಬು ಕಟ್ಟುವ ರೀತಿ, ನತ್ತು ಇಡುವ ರೀತಿಯನ್ನು ನೋಡಲು ಬಂದ ಮನೆತನಸ್ಥ ಹೆಂಗಸರು ಮನೆಗೆ ಹೋಗಿ ಹಾಗೆಯೇ ಉಟ್ಟರು, ಮುಡಿದರು. ಒಬ್ಬ ಗಂಡಸು ಕನ್ನಡಿಯ ಮುಂದೆ ಕೂತು ಕಟ್ಟಿದ ಹೆಣ್ಣು, ನಿಜವಾದ ಹೆಣ್ಣಿಗೆ ಮಾದರಿಯಾದಳು. ಪೆಟ್ಟಿಗೆಯ ಬೀಗದ ಕೈ ಈಗ ಅರಸನದೂ ಅಲ್ಲ, ಊರಿನದೂ ಅಲ್ಲ. ಒಬ್ಬ ನಟ ಮತ್ತು ಅವನನ್ನು ಮೆಚ್ಚಿದ ಸಾವಿರಾರು ಪ್ರೇಕ್ಷಕರ ಕೈಯಲ್ಲಿತ್ತು.

ಈ ಕತೆಯೊಳಕ್ಕೆ ಬೀಳಗಿಯ ಹುಡುಗಿಯೊಬ್ಬಳು ಬರುತ್ತಾಳೆ. ಬೀಳಗಿಯ ಸಂಗೀತದ ಮುಸ್ಲಿಂ ಮನೆತನವೊಂದರಲ್ಲಿ ಐವರು ಅಕ್ಕತಂಗಿಯರಿದ್ದರು. ಅವರಲ್ಲಿ ಗೋಹರಬಾಯಿ ಕರ್ನಾಟಕಿ ಮತ್ತು ಅವಳ ತಂಗಿ ಅಮೀರಬಾಯಿ ಕರ್ನಾಟಕಿ ಮುಂಬೈವರೆಗೆ ಹೋಗಿ ಹೆಸರಾದರು. ಗೋಹರಬಾಯಿಗೆ ಬಾಲಗಂಧರ್ವರ ಹಾಡಿನ ಹುಚ್ಚು. ಅವರ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ ಕೇಳಿ, ಆ ಧ್ವನಿಯ ತಿರುವುಗಳನ್ನೆಲ್ಲ ಗಂಟಲಿಗೆ ತಂದುಕೊಂಡಿದ್ದಳು. 1930ರ ದಶಕದ ಕೊನೆಯ ಹೊತ್ತಿಗೆ ಬಾಲಗಂಧರ್ವರಿಗೆ ಐವತ್ತು ವರ್ಷ. 1937ರ 'ಸಾಧ್ವಿ ಮೀರಾಬಾಯಿ' ಚಿತ್ರದಲ್ಲಿ ಅವರು ಮೀರೆಯಾದರು. ದೀವಟಿಗೆ ಮುಚ್ಚಿಡುತ್ತಿದ್ದುದನ್ನು ಕ್ಯಾಮೆರಾ ಮುಚ್ಚಿಡುವುದಿಲ್ಲ. ಆಮೇಲೆ ಗೋಹರಬಾಯಿ ಅವರ ಮಂಡಳಿ ಸೇರಿದಳು. ಅವರು ಗಂಡಿನ ಪಾತ್ರಕ್ಕೆ ಬಂದರು, ಅವರು ಮಾಡುತ್ತಿದ್ದ ಹೆಣ್ಣಿನ ಪಾತ್ರಗಳನ್ನು ಅವಳು ಮಾಡಿದಳು.

ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದಳಲ್ಲ, ಜನ ಸಂತೋಷಪಡಬೇಕಾಗಿತ್ತು. ಅನೇಕ ಅಭಿಮಾನಿಗಳು ಮುಖ ತಿರುಗಿಸಿದರು. ಅವರ ಕಣ್ಣಿನಲ್ಲಿ ರುಕ್ಮಿಣಿಯೆಂದರೆ ಬಾಲಗಂಧರ್ವರೇ. ಬೀಳಗಿಯ ಈಕೆ ಹೊರಗಿನವಳು, ಮುಸಲ್ಮಾನಳು. ಮಂಡಳಿಯ ಇಳಿಗಾಲದ ದೂರನ್ನೂ ಅವಳ ತಲೆಗೆ ಕಟ್ಟಿದವರಿದ್ದರು. ಅವಳು ಅವರಂತೆಯೇ ಹಾಡಿದರೆ ನಕಲು ಎನ್ನುತ್ತಾರೆ, ತನ್ನಂತೆ ಹಾಡಿದರೆ ರುಕ್ಮಿಣಿಯೇ ಅಲ್ಲ ಎನ್ನುತ್ತಾರೆ. ಹೆಣ್ಣಾಗಿ ಹುಟ್ಟಿದವಳು, ಗಂಡಸೊಬ್ಬ ಕಟ್ಟಿದ ಹೆಣ್ಣಿನ ಸೋಗಿನೊಳಗೆ ಹಿಡಿಸಲು ಹೆಣಗಬೇಕಾಯಿತು. ರಂಗದ ಚರಿತ್ರೆ ಬರೆಯುವವರು ಬಾಲಗಂಧರ್ವರ ರೂಪ ಸಾಧನೆಗೆ ಪುಟಗಟ್ಟಲೆ ಕೊಡುತ್ತಾರೆ. ಗೋಹರಬಾಯಿಯ ಈ ಹೆಣಗಾಟವೂ ಒಂದು ಸಾಧನೆಯೇ.

ತಂಗಿಯ ಕತೆ ಇದರ ಇನ್ನೊಂದು ಮಗ್ಗುಲು. ಅಮೀರಬಾಯಿ ಮೊದಲು ತೆರೆಯ ಮೇಲೆ ನಟಿಸಿದಳು. ಆದರೆ ದೇಶ ಅವಳನ್ನು ಗುರುತಿಸಿದ್ದು ಹಿನ್ನೆಲೆ ಗಾಯನದಿಂದ. 1943ರ 'ಕಿಸ್ಮತ್' ಚಿತ್ರದಲ್ಲಿ ಮುಮ್ತಾಜ್ ಶಾಂತಿಯ ತುಟಿಗಳ ಮೇಲೆ ಬಂದದ್ದು ಅಮೀರಬಾಯಿಯ ಧ್ವನಿ. ಅಕ್ಕನಿಗೆ ಬೇರೆಯವರ ರೂಪದೊಳಗೆ ತನ್ನ ಮೈ ಇಡಬೇಕಾಗಿ ಬಂತು, ತಂಗಿಗೆ ಬೇರೆಯವರ ಮುಖದೊಳಗೆ ತನ್ನ ದನಿ.

ಮೊಬೈಲಿನ ಆಟಕ್ಕೆ ಹಿಂತಿರುಗೋಣ. ಪರದೆಯ ಮೇಲಿನ ಆಟಗಾರನ ರೂಪಕ್ಕೆ ಇಂದು ಲೋಕವೆಲ್ಲ 'ಅವತಾರ್' ಎನ್ನುತ್ತದೆ. ಮಾತು ನಮ್ಮದೇ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ 'ಅಲ್ಟಿಮಾ' ಸರಣಿಯ ನಾಲ್ಕನೆಯ ಆಟದ ನಾಯಕನಿಗೆ ಈ ಹೆಸರಿಟ್ಟ. 1986ರಲ್ಲಿ ಲ್ಯೂಕಾಸ್‌ಫಿಲ್ಮ್‌ನ 'ಹ್ಯಾಬಿಟ್ಯಾಟ್' ಅದನ್ನು ಪರದೆಯ ಮೇಲಿನ ಆಟಗಾರನ ರೂಪಕ್ಕೆ ಬಳಸಿತು. ಆಗ ಆಯ್ಕೆಗಳು ಬೆರಳೆಣಿಕೆಯವು. ಈಗ ಗಲ್ಲದ ಮೂಳೆಯನ್ನೂ ಎಳೆದು ತಿದ್ದಬಹುದು. ಆಡುವವರು ಇದನ್ನು ಹಲವು ರೀತಿಯಲ್ಲಿ ಬಳಸುತ್ತಾರೆ. ಕೆಲವರು ತಮ್ಮನ್ನೇ ಕಡೆಯುತ್ತಾರೆ, ಕೆಲವರು ತಾವು ಆಗಬೇಕೆಂದವರನ್ನು, ಕೆಲವರು ನೋಡಲಿಕ್ಕೆ ಚೆಂದವಿರುವವರನ್ನು.

2015ರಲ್ಲಿ 'ರಸ್ಟ್' ಎಂಬ ಆಟ ಈ ಸೌಕರ್ಯ ಕೊಡಲೇ ಇಲ್ಲ. ಆಡುವವರ ಮೈಬಣ್ಣವನ್ನು ಅದೇ ನಿಶ್ಚಯಿಸಿತು, ಮರುವರ್ಷ ಗಂಡೋ ಹೆಣ್ಣೋ ಎಂಬುದನ್ನೂ. ಬದಲಿಸುವ ದಾರಿ ಇರಲಿಲ್ಲ. ಎಷ್ಟೋ ಜನ ರೇಗಿದರು. ತಾನು ಆರಿಸದ ಮೈಯಲ್ಲಿ ಆಡುವ ಕಷ್ಟ ಅವರಿಗೆ ಒಂದು ಆಟದಲ್ಲಿ ಬಂದದ್ದು, ಗೋಹರಬಾಯಿಗೆ ದಿನದಿನದ ದುಡಿಮೆಯಲ್ಲಿ ಬಂದಿತ್ತು.

ಸೊಸಿಯ ಪೆಟ್ಟಿಗೆಯಲ್ಲಿ ನೂರು ನಮೂನೆಯ ಜಾಕೆಟ್ಟುಗಳಿದ್ದವು. ಅವಳ ಅಪ್ಪ ನೇಯುವಂಥ ಒಂದು ಸೀರೆ ಇರಲಿಲ್ಲ. ಮೈಬಣ್ಣದ ಸಾಲಿನಲ್ಲಿ ಅವಳ ಬೆರಳು ಒಂದೇ ದಿಕ್ಕಿಗೆ ಸರಿಯಿತು. ನನ್ನಂಗ ಯಾಕಿರಬೇಕು ಎಂದು ಕೇಳುವ ಹಕ್ಕು ಅವಳಿಗಿದೆ. ಬೇಕೆಂದಾಗ ತನ್ನಂಗೆ ಇರುವ ದಾರಿಯೂ ಪೆಟ್ಟಿಗೆಯಲ್ಲಿದ್ದರೆ ಮಾತ್ರ ಅದು ಪೂರಾ ಹಕ್ಕು.

ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಬೀಳಗಿಯ ಅಕ್ಕತಂಗಿಯರ ಕತೆ ಹೇಳಿ, ಅಮೀರಬಾಯಿಯ ಒಂದು ಹಾಡು ಹಚ್ಚಿದೆ. ಪೂರ್ತಿ ಕೇಳಿದಳು. ಆಮೇಲೆ ಅಕ್ಕನ ಬಗ್ಗೆ ಕೇಳಿದಳು: "ಮಾಮಾ, ಆಕಿ ಆಕಿಯಂಗ ಯಾವಾಗ ಹಾಡಿದ್ಲು?"