ಜೇಡಿಯ ಮೇಲೆ ನಿಂತ ಕೋಟೆ: ಮಾಲ್ಟಾದ ಮ್ದೀನಾ ಕುರಿತು ಒಂದು ಟಿಪ್ಪಣಿ

ಮ್ದೀನಾ ಕೋಟೆಯ ಕಂದಕ ಊರನ್ನು ಪೂರ್ತಿ ಸುತ್ತುವುದಿಲ್ಲ. ರಬತ್ ಕಡೆಯಿಂದ ನಡೆದು ಬರುವವರಿಗೆ ಇದು ತಟ್ಟನೆ ಹೊಳೆಯುವ ಸಂಗತಿಯಲ್ಲ. ಸೇತುವೆ, ಅದರ ತುದಿಯ ಕಲ್ಲಿನ ಸಿಂಹಗಳು, 1724ರ ಮಹಾದ್ವಾರ, ಇಷ್ಟರಲ್ಲೇ ಕಣ್ಣು ತುಂಬಿಬಿಡುತ್ತದೆ. ಗೋಡೆಯ ಹೊರಗಿನಿಂದ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ: ಕಂದಕ ತೋಡಿರುವುದು ಗುಡ್ಡದ ನೆತ್ತಿ ಸಮವಾಗಿ ಚಾಚಿಕೊಂಡು ರಬತ್ ಊರನ್ನು ಸೇರುವ ಕಡೆ. ಮಿಕ್ಕ ಕಡೆ ನೆಲವೇ ಕಡಿದಾಗಿ ಹೊಲಗಳಿಗೆ ಇಳಿಯುತ್ತದೆ, ಅಲ್ಲಿ ತೋಡುವ ಅಗತ್ಯ ಬೀಳಲಿಲ್ಲ. ನನ್ನ ವಿಷಯ ಆ ಇಳಿಜಾರು. ಮ್ದೀನಾದ ಕಥೆ ಹೇಳುವವರು ಗೋಡೆಯಾಚೆಗಿನ ಶತ್ರುವಿಗೆ ಕೊಡುವ ಗಮನದಲ್ಲಿ ಕಾಲು ಭಾಗವನ್ನೂ ಗೋಡೆಯಡಿಯ ಮಣ್ಣಿಗೆ ಕೊಡುವುದಿಲ್ಲ ಎಂಬುದು ನನ್ನ ತಕರಾರು.

ಮೊದಲು ಹೆಸರು. ಫಿನಿಷಿಯನ್ನರ ಮಲೇತ್, ರೋಮನ್ನರ ಮೆಲಿಟೆ ಇದೇ ಗುಡ್ಡ. ರೋಮನ್ ಕಾಲದ ಊರು ಈಗಿನ ಕೋಟೆಗಿಂತ ಬಹಳ ದೊಡ್ಡದು. ಇಂದಿನ ರಬತ್‌ನ ಒಳಗೂ ಹರಡಿತ್ತು. 1881ರಲ್ಲಿ ಪತ್ತೆಯಾದ ರೋಮನ್ ಮನೆ, ಬೋಗುಣಿಯಲ್ಲಿ ನೀರು ಕುಡಿಯುವ ಪಾರಿವಾಳಗಳ ಚಿತ್ರನೆಲಕ್ಕೆ ಹೆಸರಾದದ್ದು, ಈಗ ಕೋಟೆಯ ಹೊರಗಿದೆ. ಆ ಮನೆಯ ಅವಶೇಷದ ಮೇಲೆ ಮುಸ್ಲಿಮರ ಗೋರಿಗಳು ಸಿಕ್ಕಿದವು. ಅಂದರೆ ನಡುವೆ ಎಲ್ಲೋ ಊರು ಕುಗ್ಗಿತು. 870ರಲ್ಲಿ ದ್ವೀಪ ಅರಬ್ಬರ ಕೈಸೇರಿದ ಮೇಲೆ, ನೆತ್ತಿಯ ತುದಿಯನ್ನಷ್ಟೇ ಉಳಿಸಿಕೊಂಡು ಕಂದಕ ಕಡಿದು ಊರನ್ನು ಚಿಕ್ಕದು ಮಾಡಿದರು ಎಂಬುದು ರೂಢಿಯ ಅಭಿಪ್ರಾಯ. ಒಳಗೆ ಉಳಿದದ್ದು ಮದೀನಾ, ಅಂದರೆ ನಗರ. ಹೊರಗೆ ಬಿದ್ದದ್ದು ರಬತ್, ಹೊರಪೇಟೆ. ಮಾಲ್ಟೀಸ್ ಅರಬ್ಬಿ ಮೂಲದ ಭಾಷೆ, ಬರೆಯುವುದು ರೋಮನ್ ಲಿಪಿಯಲ್ಲಿ. ಅದರ ಬಾಯಲ್ಲಿ ಮದೀನಾದ ಮೊದಲ ಸ್ವರ ಉದುರಿ ಮ್ದೀನಾ ಆಯಿತು. ಹಾಗೆ ಉಂಟಾದ ಒತ್ತಕ್ಷರ ನಾಲಿಗೆಗೆ ಎಡರಾದಾಗ ಮುಂದೊಂದು ಇಕಾರ ಸೇರಿ ಇಮ್ದೀನಾ ಆಯಿತು, ನಮ್ಮವರು ಸ್ಕೂಲನ್ನು ಇಸ್ಕೂಲು ಮಾಡಿಕೊಂಡ ಹಾಗೆ. ಸೋಜಿಗವೆಂದರೆ ಮಾಲ್ಟಾದ ಜನ ಈಗ ಬರೀ 'ನಗರ' ಎಂದರೆ ರಾಜಧಾನಿ ವಲೆಟ್ಟಾ ಎಂದೇ ಅರ್ಥ. ನಗರವೆಂಬ ಹೆಸರನ್ನೇ ಹೊತ್ತ ಊರಿನಲ್ಲಿ ಮುನ್ನೂರು ಜನವೂ ಇಲ್ಲ.

ಇನ್ನು ನೆಲದ ವಿಚಾರ. ಮಾಲ್ಟಾದ ಶಿಲಾಸ್ತರಗಳು ಓದಲು ಸುಲಭ. ಎಲ್ಲಕ್ಕಿಂತ ಮೇಲೆ ಗಟ್ಟಿಯಾದ ಹವಳ ಸುಣ್ಣಕಲ್ಲು, ಅದರಡಿ ನೀಲಿಛಾಯೆಯ ಬೂದು ಜೇಡಿ, ಅದರಡಿ ಗ್ಲೋಬಿಜರಿನಾ ಎಂಬ ಮೆತುವಾದ ಸುಣ್ಣಕಲ್ಲು, ತಳದಲ್ಲಿ ಮತ್ತೆ ಹವಳದ ಕಲ್ಲು. ಮ್ದೀನಾ ಕೂತಿರುವುದು ಮೊದಲನೆಯ ಪದರದ ಅಂಚಿನಲ್ಲಿ. ದ್ವೀಪದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬಿದ್ದ ಮಳೆ ಬಿರುಕುಬಿಟ್ಟ ಮೇಲ್ಪದರದಲ್ಲಿ ಇಂಗಿ, ಜೇಡಿಯನ್ನು ಮುಟ್ಟಿದ ಕೂಡಲೇ ಕೆಳಗಿಳಿಯಲಾರದೆ ನಿಲ್ಲುತ್ತದೆ, ಅಂಚಿನಲ್ಲಿ ಒರತೆಯಾಗಿ ಒಸರುತ್ತದೆ. ನೆತ್ತಿಯ ಮೇಲೆ ಊರು ನೆಲೆಯೂರಲು ಆಯಕಟ್ಟಿನ ಎತ್ತರ ಎಷ್ಟು ಕಾರಣವೋ ಈ ನೀರೂ ಅಷ್ಟೇ ಕಾರಣ ಎಂದು ನನ್ನ ಎಣಿಕೆ.

ಆದರೆ ನೀರು ಹಿಡಿದುಕೊಟ್ಟ ಜೇಡಿಯೇ ಗೋಡೆಯನ್ನು ಹಿಡಿದು ನಿಲ್ಲಿಸಲಾರದು. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಸೆಡೆಯುತ್ತದೆ. ಅದರ ಮೇಲಿನ ಕಲ್ಲು ಬಾಗುವ ಜಾತಿಯದಲ್ಲ, ಸೀಳುತ್ತದೆ. ಸೀಳಿದ ಬಂಡೆಯ ತುಂಡು ಮೆಲ್ಲಗೆ ಹೊರಕ್ಕೆ ವಾಲುತ್ತದೆ. ಗೋಡೆಯನ್ನು ಅಂಚಿಗೆ ತಂದಷ್ಟೂ ಶತ್ರುವಿಗೆ ಏರುವುದು ಕಷ್ಟ, ಗೋಡೆಗೆ ನಿಲ್ಲುವುದೂ ಅಷ್ಟೇ ಕಷ್ಟ. ಈಚಿನ ದಶಕಗಳಲ್ಲಿ ಬುರುಜುಗಳ ಅಡಿಯ ನೆಲವನ್ನು ಬಿಗಿಮಾಡಲು ದೊಡ್ಡ ಕಾಮಗಾರಿಯನ್ನೇ ನಡೆಸಬೇಕಾಯಿತು.

ಶತ್ರುಗಳ ಲೆಕ್ಕ ಬೇಗ ಮುಗಿಯುತ್ತದೆ. 1429ರಲ್ಲಿ ಟ್ಯುನಿಸಿನ ಹಫ್ಸಿದರು ಬಂದರು, ಊರು ಬೀಳಲಿಲ್ಲ. 1551ರಲ್ಲಿ ಒಟ್ಟೋಮನ್ನರು ಬಂದರು, ಆಗಲೂ ಬೀಳಲಿಲ್ಲ. 1565ರ ಮಹಾ ಮುತ್ತಿಗೆಯಲ್ಲಿ ಊರಿನ ಸಾಮಾನ್ಯರಿಗೆ ಸಿಪಾಯಿ ಉಡುಪು ತೊಡಿಸಿ ಗೋಡೆಯ ಮೇಲೆ ನಿಲ್ಲಿಸಿದರು, ಅದನ್ನು ನೋಡಿ ಒಟ್ಟೋಮನ್ ಸೈನ್ಯ ಹಿಂದಿರುಗಿತು ಎಂದು ಕಥನಕಾರರು ಹೇಳುತ್ತಾರೆ. ಓಣಿಗಳು ಸೊಟ್ಟಗಿರುವುದು ಬಾಣ ನೇರವಾಗಿ ಹಾರದಿರಲಿ ಎಂದು, ಅನ್ನುವ ಮಾರ್ಗದರ್ಶಿಗಳ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯಾರೂ ನಕ್ಷೆ ಹಾಕದೆ ಬೆಳೆದ ಊರಿನ ಓಣಿ ಸೊಟ್ಟಗಲ್ಲದೆ ಹೇಗಿರುತ್ತದೆ?

ಊರನ್ನು ನಿಜಕ್ಕೂ ಕೆಡವಿದ್ದು ನೆಲ. 1693ರ ಜನವರಿ 11ರಂದು ಸಿಸಿಲಿಯನ್ನು ನಡುಗಿಸಿದ ಭೂಕಂಪ ಇಲ್ಲಿಯ ಹಳೆಯ ಕೆಥೆಡ್ರಲನ್ನು ಹಾಳುಗೆಡವಿತು. ಅದಕ್ಕೆ ಕೆಲವೇ ವರ್ಷ ಮೊದಲು ಲೊರೆಂಜೊ ಗಫಾ ಹೊಸದಾಗಿ ಕಟ್ಟಿದ್ದ ಗರ್ಭಭಾಗ, ಮಟ್ಟಿಯಾ ಪ್ರೆಟಿ ಅಲ್ಲಿ ಬರೆದಿದ್ದ ಸಂತ ಪೌಲನ ಹಡಗುಭಂಗದ ಚಿತ್ರದ ಸಮೇತ, ಉಳಿದುಕೊಂಡಿತು. ಮಿಕ್ಕದ್ದನ್ನು ಗಫಾ 1696ರಿಂದ ಮತ್ತೆ ಕಟ್ಟಿದ; ಗುಮ್ಮಟ 1705ಕ್ಕೆ ಮುಗಿಯಿತು. ಆಮೇಲೆ, ಆಗ ದ್ವೀಪವನ್ನಾಳುತ್ತಿದ್ದ ಸಂತ ಜಾನ್ ನೈಟ್‌ಗಳ ಮುಖ್ಯಸ್ಥ, ಗ್ರ್ಯಾಂಡ್ ಮಾಸ್ಟರ್ ಮನೊಯೆಲ್ ದೆ ವಿಲ್ಹೆನಾ ಫ್ರೆಂಚ್ ವಾಸ್ತುಶಿಲ್ಪಿ ಮೊಂದಿಯೋನನಿಂದ ಊರಿನ ಮುಖವನ್ನೇ ಬದಲಿಸಿದ. ಹಳೆಯ ಬಾಗಿಲು ಹೊಸದರ ಬಲಕ್ಕೆ ಕೆಲವೇ ಮೀಟರ್ ದೂರದಲ್ಲಿದೆ, ಕಲ್ಲು ತುಂಬಿ ಮುಚ್ಚಿದ್ದಾರೆ. ಸೇತುವೆಯ ಮೇಲೆ ಚಿತ್ರ ತೆಗೆಸಿಕೊಳ್ಳಲು ನಿಂತವರ ಬೆನ್ನ ಹಿಂದೆಯೇ ಆ ಕಮಾನಿನ ಗೆರೆ ಮಾಸಿದ ಗಾಯದ ಕಲೆಯಂತೆ ಕಾಣುತ್ತದೆ. ಸುತ್ತಲಿನ ಜೇನುಬಣ್ಣದ ಕಲ್ಲು ಅಲ್ಲಲ್ಲಿ ಜೇನುಹಟ್ಟಿಯ ಹಾಗೆ ತೂತುತೂತಾಗಿದೆ, ಬೆರಳು ಒತ್ತಿದರೆ ಪುಡಿ ಅಂಟುತ್ತದೆ. ಇದು ಗ್ಲೋಬಿಜರಿನಾ. ಸ್ತರದ ಲೆಕ್ಕದಲ್ಲಿ ಜೇಡಿಯ ಕೆಳಗಿರಬೇಕಾದ ಕಲ್ಲನ್ನು ತಂದು ಜೇಡಿಯ ಮೇಲೆ ಪೇರಿಸಿದ್ದಾರೆ.

ಇಷ್ಟು ಹೇಳಿದ್ದು ಒಂದು ಕವಿತೆಯ ಬಳಿ ಬರಲಿಕ್ಕೆ. ಮಾಲ್ಟೀಸ್ ಭಾಷೆಯಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಸಾಹಿತ್ಯ ಪಠ್ಯ 'ಕಾಂತಿಲೇನಾ', ಇಪ್ಪತ್ತೇ ಸಾಲಿನದು. ಕರ್ತೃ ಪಿಯೆತ್ರು ಕಶಾರೊ, ಮ್ದೀನಾದವನು, ನ್ಯಾಯಾಧೀಶ, 1485ರಲ್ಲಿ ತೀರಿಕೊಂಡವನು. ಅವನ ಬಂಧು ಬ್ರಾಂದಾನ್ ಕಶಾರೊ ನೋಟರಿ. ತನ್ನ ಪತ್ರಗಳ ದಫ್ತರದಲ್ಲಿ ಇದನ್ನು ನಕಲು ಮಾಡಿಟ್ಟ. 1966ರಲ್ಲಿ ಗಾಡ್‌ಫ್ರಿ ವೆಟಿಂಗರ್ ಮತ್ತು ಮಿಕಿಯೆಲ್ ಫ್ಸಾದ್ನಿ ಅದನ್ನು ಗುರುತಿಸಿ, 1968ರಲ್ಲಿ ಪ್ರಕಟಿಸಿದರು. ಕವಿತೆಯಲ್ಲಿ ಒಬ್ಬ ಬಹುಕಾಲ ಕಟ್ಟಿದ ತನ್ನ ಕಟ್ಟಡ ಕುಸಿದದ್ದನ್ನು ಹೇಳಿಕೊಂಡು ಅಳುತ್ತಾನೆ. ತಪ್ಪು ಗಾರೆಯವರದಲ್ಲ, ಬಂಡೆ ಸಿಕ್ಕೀತೆಂದುಕೊಂಡಲ್ಲಿ ಸಿಕ್ಕಿದ್ದು ಸಡಿಲ ಜೇಡಿ. ಜೇಡಿಗೆ ಅಲ್ಲಿ ಬರುವ ಪದ 'ತಫಲ್'. ಇಂದಿಗೂ ಮಾಲ್ಟಾದ ರೈತ ಈ ಇಳಿಜಾರಿನ ಮಣ್ಣಿಗೆ ಹೇಳುವುದು ಅದನ್ನೇ.

ಇದು ಸ್ವಂತ ಬದುಕಿನ ಸೋಲಿನ ರೂಪಕ ಎಂದು ಓದಿದವರಿದ್ದಾರೆ, ಕುಸಿದ ಕೋಟೆಗೋಡೆಗೆ ತಳುಕು ಹಾಕಿದವರೂ ಇದ್ದಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ನನಗನ್ನಿಸುವುದಿಲ್ಲ. 15ನೇ ಶತಮಾನದ ಮ್ದೀನಾ ನಗರಸಭೆಯ ನಡವಳಿಗಳಲ್ಲಿ ಗೋಡೆ ದುರಸ್ತಿಯ ಮಾತು ಮತ್ತೆ ಮತ್ತೆ ಬರುತ್ತದೆ, ಕಶಾರೊ ಆ ಸಭೆಯಲ್ಲಿ ಕೂತವನು. ಅಂಥವನಿಗೆ ರೂಪಕ ಹುಡುಕಲು ದೂರ ಹೋಗಬೇಕಿರಲಿಲ್ಲ. ನನ್ನ ಓದು ಇಷ್ಟೇ: ಉಪಮಾನ ಯಾವುದಕ್ಕೇ ಇರಲಿ, ಮಣ್ಣು ಮಾತ್ರ ಉಪಮಾನವಲ್ಲ.

ಕೊನೆಯ ಸಾಲುಗಳಲ್ಲಿ ನೆಲ ಬದಲಿಸುವ ಮಾತಿದೆ. ನೆಲದಲ್ಲಿ ಬಿಳಿಯುಂಟು, ಕಪ್ಪುಂಟು, ಕೆಂಪುಂಟು ಎಂದು ಬಣ್ಣ ಎಣಿಸುತ್ತಾನೆ. ಊರಿನ ಉತ್ತರ ತುದಿಯ ಬುರುಜಿನ ಚೌಕದಲ್ಲಿ ನಿಂತವರು ಸಾಮಾನ್ಯವಾಗಿ ದೂರದ ಮೊಸ್ತಾ ಗುಮ್ಮಟವನ್ನೂ ಅದರಾಚೆಯ ಕಡಲನ್ನೂ ನೋಡುತ್ತಾರೆ. ನಾನು ಕಟ್ಟೆಗೆ ಎದೆ ಆನಿಸಿ ನೇರ ಕೆಳಕ್ಕೆ ಬಗ್ಗಿ ನೋಡಿದೆ. ಗೋಡೆಯ ಬುಡ ದಾಟಿದ ಕೂಡಲೇ ಮೆಟ್ಟಿಲು ಮೆಟ್ಟಿಲಾದ ಹೊಲ ಶುರುವಾಗುತ್ತದೆ. ಉತ್ತಿದ ಒಂದು ತುಂಡಿನಲ್ಲಿ ಮಣ್ಣು ಬೂದಿಯ ಬಣ್ಣಕ್ಕಿತ್ತು. ಕಶಾರೊ ಎಣಿಸಿದ ಮೂರರಲ್ಲಿ ಯಾವುದೂ ಅಲ್ಲ.